ಆನ್‌ಲೈನ್‌ನಲ್ಲಿ ಸೀರೆ ತರಿಸುವಾಗ ದುಡ್ಡು ಹೇಗೆ ಕೊಡುವುದು?

ಪ್ರಶ್ನೆ: ನಾವು ಹುಬ್ಬಳ್ಳಿಯವರು. ಮುಂದಿನ ತಿಂಗಳು ಹಿರಿ ಮಗಳ ಕುಬುಸ ಇದೆ, ಐದಾರು ಸೀರೆ ಬೇಕು. ಕಿರಿ ಮಗಳು ಆನ್‌ಲೈನ್‌ನಲ್ಲೇ ತರಿಸೋಣ, ಯುಪಿಐ ಮಾಡಿದರೆ ಆಯ್ತು ಅಂತಾಳೆ. ನಮ್ಮ ಯಜಮಾನರು ಕ್ಯಾಶ್ ಆನ್ ಡೆಲಿವರಿ ಬಿಟ್ಟು ಬೇರೆ ಬೇಡವೇ ಬೇಡ ಅಂತಾರೆ. ನನಗೆ ಕಾರ್ಡ್ ನಂಬರ್ ಹಾಕಿದರೆ ಖಾತೆಯೇ ಖಾಲಿ ಆಗುತ್ತೇನೋ ಅಂತ ಭಯ. ಈ ಭಯಕ್ಕೆ ಕಾರಣವೂ ಇದೆ. ಪಕ್ಕದ ಮನೆಯವರು ಇನ್‌ಸ್ಟಾಗ್ರಾಂನಲ್ಲಿ ಒಂದು ಪುಟ ನೋಡಿ ಇಳಕಲ್ ಸೀರೆಗೆ 1,800 ರೂಪಾಯಿ ಯುಪಿಐ ಮಾಡಿದರು. ಸೀರೆ ಬರಲಿಲ್ಲ. ಈಗ ಫೋನ್ ಮಾಡಿದರೆ ಹೋಗುವುದಿಲ್ಲ, ಇವರ ನಂಬರನ್ನೇ ಬ್ಲಾಕ್ ಮಾಡಿದ್ದಾರೆ. ದುಡ್ಡು ಕೊಡಲು ಯಾವ ದಾರಿ ಸುರಕ್ಷಿತ? ಅವರ ದುಡ್ಡು ವಾಪಸ್ ಬರುತ್ತಾ?

ಉತ್ತರ: ನಿಮ್ಮ ಮನೆಯಲ್ಲಿ ಮೂವರು ಹೇಳಿದ ಮಾತಲ್ಲೂ ಸತ್ಯ ಇದೆ. ಆದರೆ ಕಾರ್ಡಾ, ಯುಪಿಐನಾ, ನಗದಾ ಅಂತ ನೋಡುವ ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು. ಸೀರೆ ಬರದೇ ಹೋದರೆ ಈ ದುಡ್ಡನ್ನು ನಾನು ಯಾರ ಹತ್ತಿರ ವಾಪಸ್ ಕೇಳಬಹುದು? ಇದಕ್ಕೆ ಗಟ್ಟಿಯಾದ ಉತ್ತರ ಸಿಕ್ಕರೆ ಮೂರರಲ್ಲಿ ಯಾವ ದಾರಿಯಾದರೂ ನಡೆಯುತ್ತದೆ. ಸಿಗದಿದ್ದರೆ ಯಾವ ದಾರಿಯಲ್ಲೂ ಕೊಡಬೇಡಿ. ಬ್ಯಾಂಕಿನಲ್ಲಿ ಇಂಥ ದೂರುಗಳನ್ನು ನೋಡುವ ವಿಭಾಗದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದೇನೆ. ದುಡ್ಡು ಕಳೆದುಕೊಂಡವರಲ್ಲಿ ಜಾಸ್ತಿ ಜನ ಈ ಪ್ರಶ್ನೆಯನ್ನು ದುಡ್ಡು ಹೋದ ಮೇಲೆ ಕೇಳುತ್ತಾರೆ. ಅದನ್ನು ನೋಡಿ ನೋಡಿ ಬೇಸರವಾಗಿದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಆನ್‌ಲೈನ್‌ನಲ್ಲಿ ದುಡ್ಡು ಹೋಗುವುದು ಎರಡು ರೀತಿ. ಒಂದು, ನಿಮಗೆ ಗೊತ್ತಿಲ್ಲದೆ ಯಾರೋ ನಿಮ್ಮ ಖಾತೆಯಿಂದ ತೆಗೆಯುವುದು. ಇನ್ನೊಂದು, ನೀವೇ ನಂಬಿ, ನಿಮ್ಮ ಕೈಯಾರೆ ಪಿನ್ ಒತ್ತಿ ಕಳಿಸುವುದು. ನಿಮ್ಮ ಭಯ ಮೊದಲನೆಯದರ ಬಗ್ಗೆ. ಪಕ್ಕದ ಮನೆಯವರಿಗೆ ಆಗಿದ್ದು ಎರಡನೆಯದು. ನೋಡಲು ಎರಡೂ ಒಂದೇ, ದುಡ್ಡು ಹೋಯಿತು ಅಷ್ಟೇ. ಆದರೆ ಬ್ಯಾಂಕಿನ ಕಣ್ಣಿಗೆ ಇವೆರಡೂ ಪೂರ್ತಿ ಬೇರೆ ಬೇರೆ.

ಮೊದಲನೆಯದಕ್ಕೆ ನಮ್ಮಲ್ಲಿ ಒಳ್ಳೆಯ ರಕ್ಷಣೆ ಇದೆ. 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ತಪ್ಪು ಬ್ಯಾಂಕಿನದಾಗಿದ್ದರೆ ಗ್ರಾಹಕರು ಒಂದು ರೂಪಾಯಿಯನ್ನೂ ಕಳೆದುಕೊಳ್ಳುವ ಹಾಗಿಲ್ಲ. ತಪ್ಪು ಬ್ಯಾಂಕಿನದೂ ಅಲ್ಲ, ನಿಮ್ಮದೂ ಅಲ್ಲ, ನಡುವೆ ಎಲ್ಲೋ ಮಾಹಿತಿ ಸೋರಿದೆ ಅಂದುಕೊಳ್ಳಿ. ಆಗ ಬ್ಯಾಂಕಿನ ಮೆಸೇಜ್ ಬಂದ ಮೇಲೆ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ. 4ರಿಂದ 7 ಕೆಲಸದ ದಿನಗಳೊಳಗೆ ತಿಳಿಸಿದರೆ ಸಾಮಾನ್ಯ ಉಳಿತಾಯ ಖಾತೆಯವರ ಹೊಣೆ ಹೆಚ್ಚೆಂದರೆ 10,000 ರೂಪಾಯಿ. ಅದಕ್ಕೂ ತಡವಾದರೆ ಬ್ಯಾಂಕಿನ ಸ್ವಂತ ನಿಯಮ ಹೇಗಿದೆಯೋ ಹಾಗೆ. ತಪ್ಪು ಗ್ರಾಹಕರದು ಅಂತ ಸಾಬೀತು ಮಾಡುವ ಹೊಣೆ ಕೂಡ ಬ್ಯಾಂಕಿನದೇ. ಹಾಗಾಗಿ ಬ್ಯಾಂಕಿನಿಂದ ಬರುವ ಮೆಸೇಜನ್ನು ಓದದೆ ಬಿಡಬೇಡಿ. ದಿನಗಳ ಲೆಕ್ಕ ಶುರುವಾಗುವುದೇ ಅಲ್ಲಿಂದ.

ಆದರೆ ಅದೇ ಸುತ್ತೋಲೆಯಲ್ಲಿ ಇನ್ನೊಂದು ಸಾಲೂ ಇದೆ. ಗ್ರಾಹಕರೇ ಪಿನ್, ಒಟಿಪಿ ಇತ್ಯಾದಿ ಬೇರೆಯವರಿಗೆ ಕೊಟ್ಟು ನಷ್ಟವಾದರೆ, ಬ್ಯಾಂಕಿಗೆ ತಿಳಿಸುವವರೆಗಿನ ಇಡೀ ನಷ್ಟ ಗ್ರಾಹಕರದೇ. ತಿಳಿಸಿದ ಮೇಲೆ ಹೋದ ದುಡ್ಡಿಗೆ ಮಾತ್ರ ಬ್ಯಾಂಕ್ ಹೊಣೆ. ಇನ್ನು ನೀವೇ ಮಾರಾಟಗಾರನನ್ನು ನಂಬಿ, ನಿಮ್ಮದೇ ಫೋನಿನಲ್ಲಿ, ನಿಮ್ಮದೇ ಪಿನ್ ಹಾಕಿ ಕಳಿಸಿದ್ದರೆ? ಬ್ಯಾಂಕಿನ ಲೆಕ್ಕದಲ್ಲಿ ಅದು ನೀವು ಒಪ್ಪಿ ಮಾಡಿದ ವ್ಯವಹಾರ. ಅನಧಿಕೃತ ಅನ್ನಲು ಬರುವುದಿಲ್ಲ. ಮೋಸ ಮಾಡುವವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಖಾತೆಗೆ ಕನ್ನ ಹಾಕುವುದು ಕಷ್ಟದ ಕೆಲಸ. ನಿಮ್ಮನ್ನೇ ಒಪ್ಪಿಸಿ ಕಳಿಸುವಂತೆ ಮಾಡುವುದು ಸುಲಭ. ಅದಕ್ಕೇ ಅವರು ಅಷ್ಟು ಚೆಂದದ ಫೋಟೊ, ಅಷ್ಟು ಕಡಿಮೆ ಬೆಲೆ, ಅಷ್ಟು ನಯವಾದ ಮಾತು ತರುತ್ತಾರೆ.

ಈಗ ನಿಮ್ಮ ಕಾರ್ಡ್ ಭಯಕ್ಕೆ ಬರೋಣ. ಹೆಸರುವಾಸಿ ಶಾಪಿಂಗ್ ಸೈಟಿನಲ್ಲಿ ಕಾರ್ಡ್ ಬಳಸುವುದಕ್ಕೆ ಅಷ್ಟು ಹೆದರಬೇಕಿಲ್ಲ. 2022ರ ಅಕ್ಟೋಬರ್ 1ರಿಂದ ನಮ್ಮ ದೇಶದಲ್ಲಿ ಯಾವ ಅಂಗಡಿಯೂ ಗ್ರಾಹಕರ ಪೂರ್ತಿ ಕಾರ್ಡ್ ನಂಬರನ್ನು ಇಟ್ಟುಕೊಳ್ಳುವ ಹಾಗಿಲ್ಲ. ಕಾರ್ಡ್ ಕೊಟ್ಟ ಬ್ಯಾಂಕ್ ಮತ್ತು ವೀಸಾ, ಮಾಸ್ಟರ್‌ಕಾರ್ಡ್, ರುಪೇ ಥರದ ಜಾಲದವರ ಹತ್ತಿರ ಮಾತ್ರ ಅದು ಇರುತ್ತದೆ. 'ಕಾರ್ಡ್ ಸೇವ್ ಮಾಡಲೇ' ಅಂತ ಸೈಟ್ ಕೇಳಿ ನೀವು ಹೂಂ ಅಂದರೆ, ಅಲ್ಲಿ ಉಳಿಯುವುದು ಟೋಕನ್ ಅನ್ನುವ ಬದಲಿ ನಂಬರ್. ಅದು ಆ ಒಂದು ಅಂಗಡಿಗೆ ಮಾತ್ರ ಸೀಮಿತ. ನಾಳೆ ಆ ಸೈಟಿನಿಂದ ಮಾಹಿತಿ ಕದ್ದರೂ ಬೇರೆ ಕಡೆ ಅದು ಕೆಲಸಕ್ಕೆ ಬರುವುದಿಲ್ಲ. ಜೊತೆಗೆ ದೇಶದೊಳಗಿನ ಆನ್‌ಲೈನ್ ಕಾರ್ಡ್ ಪಾವತಿಗೆ ಒಟಿಪಿಯಂಥ ಎರಡನೇ ಕಾವಲು 2009ರಿಂದಲೇ ಕಡ್ಡಾಯವಾಗಿದೆ.

ಒಟಿಪಿ ಮೆಸೇಜಿನಲ್ಲಿ ಬರೀ ಅಂಕಿ ನೋಡಿ ಟೈಪ್ ಮಾಡುವ ಅಭ್ಯಾಸ ಎಲ್ಲರಿಗೂ ಇದೆ. ಆ ಮೆಸೇಜನ್ನು ಪೂರ್ತಿ ಓದಿ. ಎಷ್ಟು ದುಡ್ಡು, ಯಾವ ಅಂಗಡಿಗೆ ಅನ್ನುವುದು ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ. ನೀವು ಕೊಳ್ಳುತ್ತಿರುವುದು 1,200ರ ಸೀರೆ, ಮೆಸೇಜಿನಲ್ಲಿ 12,000 ಇದೆ ಅಂದರೆ ಅಲ್ಲೇ ನಿಲ್ಲಿಸಬಹುದು. ಎರಡು ಸೆಕೆಂಡಿನ ಕೆಲಸ ಇದು.

ಡೆಬಿಟ್ ಕಾರ್ಡಿಗಿಂತ ಕ್ರೆಡಿಟ್ ಕಾರ್ಡ್ ಸುರಕ್ಷಿತ ಅನ್ನುವುದು ನನ್ನ ಅಭಿಪ್ರಾಯ. ಸಾಲ ಮಾಡಿ ಕೊಳ್ಳಿ ಅಂತ ಹೇಳುತ್ತಿಲ್ಲ. ಡೆಬಿಟ್ ಕಾರ್ಡಿನಲ್ಲಿ ಏನಾದರೂ ಎಡವಟ್ಟಾದರೆ ನಿಮ್ಮ ಖಾತೆಯ ದುಡ್ಡು ಮೊದಲು ಹೋಗಿಬಿಡುತ್ತದೆ, ಆಮೇಲೆ ನೀವು ಅದರ ಹಿಂದೆ ಓಡಬೇಕು. ಕ್ರೆಡಿಟ್ ಕಾರ್ಡಿನಲ್ಲಿ ಬಿಲ್ ಬರುವುದು ಆಮೇಲೆ. ಅಷ್ಟರೊಳಗೆ 'ಈ ವ್ಯವಹಾರ ನಾನು ಒಪ್ಪುವುದಿಲ್ಲ' ಅಂತ ತಕರಾರು ಹಾಕಲು ಸಮಯ ಇರುತ್ತದೆ. ಮನೆಯಲ್ಲಿ ಯಾರ ಹತ್ತಿರವಾದರೂ ಕ್ರೆಡಿಟ್ ಕಾರ್ಡ್ ಇದ್ದು, ತಿಂಗಳ ಕೊನೆಗೆ ಪೂರ್ತಿ ಬಿಲ್ ಕಟ್ಟುವ ಅಭ್ಯಾಸ ಇದ್ದರೆ, ಹೊಸ ಸೈಟಿನಲ್ಲಿ ಮೊದಲ ಸಲ ಕೊಳ್ಳುವಾಗ ಅದನ್ನೇ ಬಳಸಿ.

ಚಾರ್ಜ್‌ಬ್ಯಾಕ್ ಅನ್ನುವುದು ಕಾರ್ಡಿನ ದೊಡ್ಡ ಅನುಕೂಲ. ಡೆಬಿಟ್ ಕಾರ್ಡಿಗೂ ಇದು ಇದೆ. ಸಾಮಾನು ಬರಲೇ ಇಲ್ಲ, ಅಥವಾ ಹೇಳಿದ್ದೇ ಒಂದು ಕಳಿಸಿದ್ದೇ ಒಂದು, ಅಂಗಡಿಯವರು ಉತ್ತರ ಕೊಡುತ್ತಿಲ್ಲ. ಹೀಗಾದಾಗ ನಿಮ್ಮ ಬ್ಯಾಂಕಿಗೆ ತಕರಾರು ಅರ್ಜಿ ಕೊಡಬಹುದು. ನಿಮ್ಮ ಬ್ಯಾಂಕ್ ಕಾರ್ಡ್ ಜಾಲದ ಮೂಲಕ ಅಂಗಡಿಯ ಬ್ಯಾಂಕನ್ನು ಕೇಳುತ್ತದೆ. ಅಂಗಡಿಯವರು ಸಾಮಾನು ಮುಟ್ಟಿಸಿದ್ದಕ್ಕೆ ದಾಖಲೆ ಕೊಡಬೇಕು. ಕೊಡದಿದ್ದರೆ ದುಡ್ಡು ನಿಮಗೆ ವಾಪಸ್. ಖಂಡಿತ ಸಿಕ್ಕೇ ಸಿಗುತ್ತದೆ ಅಂತ ಹೇಳಲಾರೆ, ಆದರೆ ಕೇಳಲು ಒಂದು ಜಾಗ ಇದೆ. ಇದಕ್ಕೆ ಕಾಲಮಿತಿ ಇರುತ್ತದೆ. ಹಾಗಾಗಿ 'ನಾಳೆ ಕಳಿಸ್ತೀವಿ ಮೇಡಂ' ಅಂತ ಅವರು ದಿನ ದೂಡುತ್ತಿದ್ದರೆ ಕಾಯುತ್ತಾ ಕೂರಬೇಡಿ. ಆರ್ಡರ್ ನಂಬರ್, ಇಮೇಲ್, ಚಾಟ್, ಫೋಟೊ ಎಲ್ಲ ಇಟ್ಟುಕೊಂಡು ಬೇಗ ಅರ್ಜಿ ಕೊಡಿ.

ಇವತ್ತೇ ಮಾಡಬಹುದಾದ ಇನ್ನೊಂದು ಕೆಲಸ. ನಿಮ್ಮ ಬ್ಯಾಂಕಿನ ಆ್ಯಪ್ ತೆರೆದು ಕಾರ್ಡಿನ ಸೆಟ್ಟಿಂಗ್ಸ್ ನೋಡಿ. ವಿದೇಶಿ ವ್ಯವಹಾರ ಅಂತ ಒಂದು ಸ್ವಿಚ್ ಇರುತ್ತದೆ, ಅದನ್ನು ಆಫ್ ಮಾಡಿ. ಹೊರದೇಶದ ಕೆಲವು ಸೈಟುಗಳಲ್ಲಿ ಒಟಿಪಿ ಇಲ್ಲದೆಯೂ ಕಾರ್ಡ್ ನಡೆದುಬಿಡುತ್ತದೆ, ಅದಕ್ಕೆ. ಆನ್‌ಲೈನ್ ಖರೀದಿಗೆ ದಿನದ ಮಿತಿಯನ್ನೂ ಇಳಿಸಿಡಿ, ಐದು ಸಾವಿರವೋ ಹತ್ತು ಸಾವಿರವೋ ನಿಮಗೆ ಬೇಕಾದಷ್ಟು. ಹೀಗೆ ಆನ್, ಆಫ್ ಮಾಡುವ ಅವಕಾಶವನ್ನು ಬ್ಯಾಂಕುಗಳು ಕೊಡಲೇಬೇಕು ಅನ್ನುವ ನಿಯಮ 2020ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಸ್ಮಾರ್ಟ್‌ಫೋನ್ ಬಳಸದ ಹಿರಿಯರು ಬ್ಯಾಂಕ್ ಶಾಖೆಯಲ್ಲೂ ಕೇಳಬಹುದು.

ಯುಪಿಐ ವಿಷಯದಲ್ಲಿ ನಿಮ್ಮ ಮಗಳು ಹೇಳುವುದು ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು. ದೊಡ್ಡ ಸೈಟಿನಲ್ಲಿ ಸೀರೆ ಆರಿಸಿ, ಕೊನೆಯಲ್ಲಿ ಯುಪಿಐ ಒತ್ತಿದರೆ ನಿಮ್ಮ ಪಾವತಿ ಆ್ಯಪ್ ತಾನೇ ತೆರೆದುಕೊಳ್ಳುತ್ತದೆ. ಮೊತ್ತ, ಅಂಗಡಿಯ ಹೆಸರು ಅಲ್ಲೇ ಬಂದಿರುತ್ತದೆ. ಈ ದುಡ್ಡು ಸೀದಾ ಯಾರದೋ ಜೇಬಿಗೆ ಹೋಗುವುದಿಲ್ಲ. ನಡುವೆ ಪೇಮೆಂಟ್ ಅಗ್ರಿಗೇಟರ್ ಅನ್ನುವ ಸಂಸ್ಥೆ ಇರುತ್ತದೆ. ಈ ಸಂಸ್ಥೆಗಳು ರಿಸರ್ವ್ ಬ್ಯಾಂಕ್ ನಿಯಮದಡಿ ನಡೆಯುತ್ತವೆ. ಅಂಗಡಿಯವರು ಯಾರು ಅಂತ ಪರಿಶೀಲಿಸಿ ಸೇರಿಸಿಕೊಳ್ಳಬೇಕು, ಗ್ರಾಹಕರ ದುಡ್ಡನ್ನು ಬ್ಯಾಂಕಿನ ಪ್ರತ್ಯೇಕ ಖಾತೆಯಲ್ಲಿ ಇಡಬೇಕು. ಆರ್ಡರ್ ನಂಬರಿಗೂ ನಿಮ್ಮ ದುಡ್ಡಿಗೂ ಗಂಟು ಬಿದ್ದಿರುತ್ತದೆ. ರಿಫಂಡ್ ಕೇಳಲು ಜಾಗ ಇದೆ.

ಅದೇ ಯುಪಿಐನಲ್ಲಿ ವಾಟ್ಸಾಪ್‌ಗೆ ಬಂದ ಯಾವುದೋ ಫೋನ್ ನಂಬರಿಗೆ ಅಥವಾ ಕ್ಯೂಆರ್ ಕೋಡಿಗೆ ಕಳಿಸಿದರೆ ಕಥೆ ಬೇರೆ. ಅದು ಒಬ್ಬ ಮನುಷ್ಯನ ಕೈಗೆ ನೋಟು ಕೊಟ್ಟ ಹಾಗೆ. ಕ್ಷಣದಲ್ಲಿ ಅವನ ಖಾತೆ ಸೇರುತ್ತದೆ. ಯಾವ ಸೀರೆಗೆ ಕೊಟ್ಟಿದ್ದು, ಆರ್ಡರ್ ಯಾವುದು ಅಂತ ಎಲ್ಲೂ ದಾಖಲಾಗುವುದಿಲ್ಲ. ಪಕ್ಕದ ಮನೆಯವರ 1,800 ಹೋಗಿದ್ದು ಹೀಗೆಯೇ ಇರಬೇಕು. ಹಾಗಾಗಿ ಯುಪಿಐ ಸುರಕ್ಷಿತವಾ ಅನ್ನುವ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಇಲ್ಲ. ಸೈಟಿನ ಒಳಗಿನಿಂದ ಹೋಗುವ ಯುಪಿಐ ಬೇರೆ, ಹೊರಗಿನಿಂದ ಹೋಗುವ ಯುಪಿಐ ಬೇರೆ. ಎಷ್ಟೋ ಸಲ ಮಾರಾಟಗಾರರೇ 'ಆ್ಯಪ್‌ನಲ್ಲಿ ಬೇಡ, ಸೀದಾ ನನಗೇ ಕಳಿಸಿ, ನೂರು ರೂಪಾಯಿ ಬಿಡ್ತೀನಿ' ಅನ್ನುತ್ತಾರೆ. ಆ ನೂರಕ್ಕೆ ಆಸೆಪಟ್ಟರೆ ಮೇಲೆ ಹೇಳಿದ ರಕ್ಷಣೆ ಎಲ್ಲ ಬಿಟ್ಟುಕೊಟ್ಟ ಹಾಗೆ.

ನೇರವಾಗಿ ಕಳಿಸಲೇಬೇಕಾಗಿ ಬಂದರೆ, ಪಿನ್ ಒತ್ತುವ ಮುಂಚೆ ಪರದೆಯ ಮೇಲೆ ಬರುವ ಹೆಸರು ನೋಡಿ. 2025ರ ಜೂನ್ ಕೊನೆಯಿಂದ ಯುಪಿಐ ಆ್ಯಪ್‌ಗಳು ದುಡ್ಡು ಪಡೆಯುವವರ ಬ್ಯಾಂಕ್ ದಾಖಲೆಯಲ್ಲಿರುವ ಹೆಸರನ್ನೇ ತೋರಿಸಬೇಕು. ಅವರು ತಮಗೆ ತಾವೇ ಇಟ್ಟುಕೊಂಡ ಹೆಸರು ಅಲ್ಲಿ ನಡೆಯುವುದಿಲ್ಲ. ಪುಟದ ಹೆಸರು 'ಇಳಕಲ್ ನೇಕಾರರು', ಆ್ಯಪ್ ತೋರಿಸುವುದು ಸಂಬಂಧವೇ ಇಲ್ಲದ ಯಾರದೋ ಹೆಸರು. ಆಗ ನಿಂತು ಕೇಳಿ, ಇವರು ಯಾರು? ನಿಜವಾದ ನೇಕಾರರು ಮನೆಯವರ ಖಾತೆ ಕೊಟ್ಟಿರಬಹುದು, ಅವರು ಬೇಸರ ಮಾಡಿಕೊಳ್ಳದೆ ಹೇಳುತ್ತಾರೆ. ಸಿಟ್ಟು ಮಾಡಿದರೆ ಅಥವಾ 'ಬೇಗ ಕಳಿಸಿ, ಸ್ಟಾಕ್ ಮುಗೀತಿದೆ' ಅಂತ ಅವಸರ ಮಾಡಿದರೆ ಕೈ ಬಿಡಿ.

ಇಲ್ಲೊಂದು ಉಪಯೋಗದ ವಿಷಯ ಹೇಳಬೇಕು. ರುಪೇ ಕ್ರೆಡಿಟ್ ಕಾರ್ಡನ್ನು ಈಗ ಯುಪಿಐ ಆ್ಯಪ್‌ಗೆ ಜೋಡಿಸಬಹುದು. ಅದರಿಂದ ಅಂಗಡಿ ಅಂತ ನೋಂದಾಯಿಸಿದವರಿಗೆ ಮಾತ್ರ ದುಡ್ಡು ಹೋಗುತ್ತದೆ, ವ್ಯಕ್ತಿಯ ಸ್ವಂತ ಖಾತೆಗೆ ಹೋಗುವುದಿಲ್ಲ. 'ನಮ್ಮದು ದೊಡ್ಡ ಶೋರೂಂ' ಅಂತ ಹೇಳಿಕೊಳ್ಳುವವರು ಕೊಟ್ಟ ಕ್ಯೂಆರ್ ಕೋಡ್ ಈ ಕಾರ್ಡನ್ನು ಒಪ್ಪದಿದ್ದರೆ, ಅದು ಯಾರದೋ ಖಾಸಗಿ ಖಾತೆಯೇ ಇರಬಹುದು ಅನ್ನುವ ಸುಳಿವು ಸಿಗುತ್ತದೆ. ಒಪ್ಪಿದ ಮಾತ್ರಕ್ಕೆ ಅವರು ಪ್ರಾಮಾಣಿಕರು ಅಂತ ಅಲ್ಲ, ಅಂಗಡಿ ಅಂತ ನೋಂದಾಯಿಸಿ ಮೋಸ ಮಾಡುವವರೂ ಇದ್ದಾರೆ.

ಖಾತೆಯೇ ಖಾಲಿ ಆಗುವ ಭಯಕ್ಕೆ ನನಗೆ ಗೊತ್ತಿರುವ ಒಳ್ಳೆಯ ಮದ್ದು ಎರಡನೇ ಖಾತೆ. ಪಿಂಚಣಿ, ಸಂಬಳ, ಉಳಿತಾಯ ಇರುವ ಖಾತೆಯನ್ನು ಯುಪಿಐಗೆ ಜೋಡಿಸಲೇಬೇಡಿ. ಇನ್ನೊಂದು ಉಳಿತಾಯ ಖಾತೆ ತೆರೆದು, ತಿಂಗಳ ಖರ್ಚಿಗೆ ಬೇಕಾದಷ್ಟು ಮಾತ್ರ ಅದರಲ್ಲಿಡಿ. ಯುಪಿಐ, ಡೆಬಿಟ್ ಕಾರ್ಡ್, ಆನ್‌ಲೈನ್ ಖರೀದಿ ಎಲ್ಲ ಅದರಿಂದಲೇ ಆಗಲಿ. ಏನೇ ಆದರೂ ಹೋಗುವುದು ಅದರಲ್ಲಿದ್ದಷ್ಟೇ. ಬ್ಯಾಂಕಿನಲ್ಲಿ ಕೆಲಸ ಮಾಡುವ ಎಷ್ಟೋ ಜನ ತಮ್ಮ ಮನೆಯಲ್ಲಿ ಹೀಗೇ ಮಾಡುತ್ತಾರೆ. ಕನಿಷ್ಠ ಬ್ಯಾಲೆನ್ಸ್ ಎಷ್ಟಿರಬೇಕು ಅಂತ ಮಾತ್ರ ಮೊದಲೇ ಕೇಳಿಕೊಳ್ಳಿ.

ಮನೆಯಲ್ಲಿ ಎಲ್ಲರಿಗೂ ಹೇಳಬೇಕಾದ ಮಾತು ಇನ್ನೊಂದು. ದುಡ್ಡು ಬರುವುದಕ್ಕೆ ಪಿನ್ ಬೇಕಿಲ್ಲ. ಪಿನ್ ಒತ್ತಿದರೆ ದುಡ್ಡು ಹೋಗುತ್ತದೆ, ಬರುವುದಿಲ್ಲ. 'ರಿಫಂಡ್ ಕಳಿಸ್ತೀವಿ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ' ಅಂದರೆ ಅದು ಮೋಸ, ಎರಡನೇ ಯೋಚನೆ ಬೇಡ. ಯಾರೋ ಒಬ್ಬರು ಇನ್ನೊಬ್ಬರಿಂದ ದುಡ್ಡು ಕೇಳಿ ಯುಪಿಐನಲ್ಲಿ ಕೋರಿಕೆ ಕಳಿಸುವ ಸೌಲಭ್ಯವನ್ನು 2025ರ ಅಕ್ಟೋಬರ್‌ನಿಂದ ನಿಲ್ಲಿಸಿದ್ದಾರೆ. ಅದರ ದುರುಪಯೋಗ ಅಷ್ಟಾಗಿತ್ತು. ಆದರೆ ಅಂಗಡಿಗಳ ಹೆಸರಿನಲ್ಲಿ ಕೋರಿಕೆ ಈಗಲೂ ಬರಬಹುದು. ನೀವು ಏನೂ ಕೊಳ್ಳದೇ ಬಂದಿದ್ದರೆ ತಿರಸ್ಕರಿಸಿ.

ಇನ್ನು ಯಜಮಾನರ ಕ್ಯಾಶ್ ಆನ್ ಡೆಲಿವರಿ. ಸಾಮಾನೇ ಬಾರದೆ ದುಡ್ಡು ಹೋಗುವ ಅಪಾಯ ಇದರಲ್ಲಿ ಇಲ್ಲ. ಗೊತ್ತಿಲ್ಲದ ಮಾರಾಟಗಾರರ ಹತ್ತಿರ ಮೊದಲ ಸಲ ಕೊಳ್ಳುವಾಗ ನಾನೂ ಇದನ್ನೇ ಹೇಳುತ್ತೇನೆ. ಆದರೆ ಪೂರ್ತಿ ನಿಶ್ಚಿಂತೆ ಅಂತ ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ದುಡ್ಡು ಕೊಟ್ಟ ಮೇಲೆಯೇ ಪಾರ್ಸೆಲ್ ಬಿಚ್ಚಲು ಬಿಡುತ್ತಾರೆ. ಒಳಗೆ ಹರಿದ ಬಟ್ಟೆ ಇದ್ದರೆ ಕೊರಿಯರ್ ಹುಡುಗ ಏನೂ ಮಾಡಲಾರ, ಅವನನ್ನು ಬೈಯುವುದೂ ನ್ಯಾಯವಲ್ಲ. ಬಾಗಿಲಲ್ಲೇ ಬಿಚ್ಚಿ ತೋರಿಸುವ ಸೌಲಭ್ಯ ಕೆಲವು ಸೈಟುಗಳಲ್ಲಿ ಇದೆ, ಇದ್ದರೆ ಅದನ್ನೇ ಆರಿಸಿ. ಇಲ್ಲದಿದ್ದರೆ ಪಾರ್ಸೆಲ್ ಬಿಚ್ಚುವಾಗ ಶುರುವಿನಿಂದ ಕೊನೆಯವರೆಗೂ ವಿಡಿಯೊ ಮಾಡಿ, ಮೇಲಿನ ವಿಳಾಸದ ಚೀಟಿ ಕಾಣುವ ಹಾಗೆ. ಮನೆಯಲ್ಲಿ ಯಾರೂ ಆರ್ಡರ್ ಮಾಡದ ಪಾರ್ಸೆಲ್ ಬಂದು '399 ಕೊಡಿ' ಅಂದರೆ ತೆಗೆದುಕೊಳ್ಳಬೇಡಿ. ಮಕ್ಕಳು ತರಿಸಿರಬಹುದು ಅಂತ ಸುಮ್ನೆ ದುಡ್ಡು ಕೊಟ್ಟುಬಿಡುವ ಹಿರಿಯರೇ ಇಂಥವರ ಗುರಿ. ಡೆಲಿವರಿ ಒಟಿಪಿಯನ್ನು ಪಾರ್ಸೆಲ್ ಕೈಗೆ ಬಂದ ಮೇಲೆ ಹೇಳಿ. 'ಆರ್ಡರ್ ಕ್ಯಾನ್ಸಲ್ ಮಾಡಲು ಒಟಿಪಿ ಹೇಳಿ' ಅಂತ ಫೋನ್ ಬಂದರೆ ಹೇಳಬೇಡಿ.

ಇನ್‌ಸ್ಟಾಗ್ರಾಂ, ವಾಟ್ಸಾಪ್‌ನಲ್ಲಿ ಸೀರೆ ಕೊಳ್ಳಲೇಬಾರದು ಅಂತ ಹೇಳಲು ನನಗೆ ಮನಸ್ಸಿಲ್ಲ. ಇಳಕಲ್, ಗುಳೇದಗುಡ್ಡ, ರಬಕವಿ ಕಡೆಯ ಎಷ್ಟೋ ನೇಕಾರ ಕುಟುಂಬಗಳು ದಲ್ಲಾಳಿ ಇಲ್ಲದೆ ಸೀದಾ ಗ್ರಾಹಕರಿಗೆ ಮಾರಲು ಈ ದಾರಿ ಹಿಡಿದಿವೆ. ಮೋಸಗಾರರಿಂದ ಇವರ ವ್ಯಾಪಾರಕ್ಕೂ ಪೆಟ್ಟು ಬೀಳುತ್ತಿದೆ. ಅವರಿಂದಲೂ ಕೊಳ್ಳಿ, ಆದರೆ ನೋಡಿ ಕೊಳ್ಳಿ. ಮೊದಲು ಬೆಲೆ ನೋಡಿ. ಕೈಮಗ್ಗದ ಇಳಕಲ್ ಸೀರೆಯಲ್ಲಿ ಮೈಯ ಹಾಸಿಗೂ (ಮಗ್ಗದ ಉದ್ದದ ನೂಲಿಗೂ) ಸೆರಗಿನ ಹಾಸಿಗೂ ಒಂದೊಂದೇ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಅಷ್ಟು ಕೈಕೆಲಸದ ಶುದ್ಧ ರೇಷ್ಮೆ ಸೀರೆ 799ಕ್ಕೆ ಬರಲು ಸಾಧ್ಯವೇ ಇಲ್ಲ. ಆಮೇಲೆ ವಿಡಿಯೊ ಕಾಲ್ ಮಾಡಿ, ಆ ಸೀರೆಯನ್ನೇ ಬಿಚ್ಚಿ ಸೆರಗು ತೋರಿಸಲು ಹೇಳಿ. ನಿಜವಾಗಿ ಸೀರೆ ಇಟ್ಟುಕೊಂಡವರು ಖುಷಿಯಿಂದ ತೋರಿಸುತ್ತಾರೆ. ಕದ್ದ ಫೋಟೊ ಹಾಕಿದವರು ನೆಟ್‌ವರ್ಕ್ ಇಲ್ಲ ಅನ್ನುತ್ತಾರೆ. ಪುಟ ಎಷ್ಟು ಹಳೆಯದು ನೋಡಿ, ಕಾಮೆಂಟ್ ಬರೆಯಲು ಬಿಟ್ಟಿದ್ದಾರಾ ನೋಡಿ. ಕಾಮೆಂಟನ್ನೇ ಮುಚ್ಚಿಟ್ಟವರ ಹತ್ತಿರ ಕೊಳ್ಳಬೇಡಿ.

ಮೊದಲ ಸಲ ಒಂದೇ ಸೀರೆ ತರಿಸಿ. ಅದು ಸರಿಯಾಗಿ ಬಂದರೆ ಉಳಿದವು. ಕುಬುಸಕ್ಕೆ ಇನ್ನೂ ಒಂದು ತಿಂಗಳು ಇದೆ ಅಲ್ವಾ, ಸಮಯ ಸಾಕು. ಪೂರ್ತಿ ದುಡ್ಡು ಮೊದಲೇ ಕೊಡಲು ಮನಸ್ಸಿಲ್ಲ ಅಂದರೆ ಅಂಚೆಯ ವಿ.ಪಿ. ಪಾರ್ಸೆಲ್‌ನಲ್ಲಿ ಕಳಿಸುತ್ತೀರಾ ಅಂತ ಕೇಳಿ. ಹಿಂದೆ ಪುಸ್ತಕ ತರಿಸುತ್ತಿದ್ದೆವಲ್ಲ, ಅದೇ. ಅಂಚೆಯಣ್ಣನಿಗೆ ದುಡ್ಡು ಕೊಟ್ಟು ಪಾರ್ಸೆಲ್ ತಗೊಳ್ಳುವುದು. ಅದಕ್ಕೂ ಒಪ್ಪದೆ ಪೂರ್ತಿ ಅಡ್ವಾನ್ಸ್ ಬೇಕೇ ಬೇಕು ಅಂದರೆ, ಊರಲ್ಲೇ ಅಂಗಡಿಗೆ ಹೋಗಿ ಮುಟ್ಟಿ ನೋಡಿ ಕೊಳ್ಳುವುದು ವಾಸಿ.

ವೆಬ್‌ಸೈಟ್ ಹೊಸದಾಗಿದ್ದರೆ ವಿಳಾಸದ ಪಕ್ಕ ಬೀಗದ ಗುರುತು ಇದೆ ಅಂತ ನಂಬಬೇಡಿ. ಆ ಬೀಗಕ್ಕೆ ಅರ್ಥ ಇಷ್ಟೇ: ನಿಮ್ಮ ಫೋನಿಗೂ ಆ ಸೈಟಿಗೂ ನಡುವೆ ಹೋಗುವ ಮಾಹಿತಿಯನ್ನು ದಾರಿಯಲ್ಲಿ ಯಾರೂ ಓದಲಾಗದು. ಆ ಕಡೆ ಇರುವವನು ಕಳ್ಳನಾದರೆ ಮಾಹಿತಿ ಭದ್ರವಾಗಿ ಕಳ್ಳನಿಗೇ ತಲುಪುತ್ತದೆ. ಜನ ತಪ್ಪು ತಿಳಿಯುತ್ತಾರೆ ಅಂತಲೇ ಕ್ರೋಮ್ ಬ್ರೌಸರ್ 2023ರಲ್ಲಿ ಆ ಬೀಗದ ಚಿತ್ರವನ್ನು ತೆಗೆದುಹಾಕಿತು. ಅದರ ಬದಲು ಸೈಟಿನ ಕೆಳಗೆ ಸಂಸ್ಥೆಯ ಪೂರ್ತಿ ಹೆಸರು, ವಿಳಾಸ, ದೂರು ಕೇಳುವ ಅಧಿಕಾರಿಯ ವಿವರ ಇದೆಯಾ ನೋಡಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಇವೆಲ್ಲ ಇರಬೇಕು. ದೂರು ಬಂದ 48 ಗಂಟೆಯೊಳಗೆ ಸ್ವೀಕರಿಸಿದ್ದೇವೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಬರೀ ಒಂದು ವಾಟ್ಸಾಪ್ ನಂಬರ್ ಇದ್ದರೆ ಹೊರಗೆ ಬನ್ನಿ. ದೊಡ್ಡ ಸೈಟಿಗೆ ಹೋಗುವಾಗಲೂ ಮೆಸೇಜಿನಲ್ಲಿ ಬಂದ ಲಿಂಕ್ ಒತ್ತಬೇಡಿ, ಆ್ಯಪ್ ತೆರೆದೇ ಹೋಗಿ. ಹಬ್ಬದ ಮಾರಾಟದ ದಿನಗಳಲ್ಲಿ ಅಚ್ಚು ಅದೇ ಥರ ಕಾಣುವ ನಕಲಿ ಸೈಟುಗಳು ಹುಟ್ಟಿಕೊಳ್ಳುತ್ತವೆ.

ಕೊಂಡ ಮೇಲೂ ಒಂದು ಅಪಾಯ ಇದೆ, ಇದರ ಬಗ್ಗೆ ಜನ ಯೋಚಿಸುವುದು ಕಡಿಮೆ. ಸೀರೆ ಬಣ್ಣ ಬೇರೆ ಬಂತು, ವಾಪಸ್ ಮಾಡಬೇಕು. ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕುತ್ತೀರಿ. ಸಿಗುವ ನಂಬರ್ ಮೋಸಗಾರರು ಹಾಕಿಟ್ಟಿದ್ದೂ ಆಗಿರಬಹುದು. ಅವರು ತುಂಬಾ ಮರ್ಯಾದೆಯಿಂದ ಮಾತಾಡುತ್ತಾರೆ. ಆಮೇಲೆ ಫೋನಿನ ಪರದೆ ಅವರಿಗೆ ಕಾಣುವ ಒಂದು ಆ್ಯಪ್ ಹಾಕಿಸುತ್ತಾರೆ, ಅಥವಾ ವಾಟ್ಸಾಪ್‌ನಲ್ಲಿ ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲ್) ಕಳಿಸುತ್ತಾರೆ. ಅದು ಒಳಗೆ ಬಂದರೆ ನಿಮ್ಮ ಒಟಿಪಿ ಅವರಿಗೂ ಕಾಣುತ್ತದೆ. ನೀವು ಆನ್‌ಲೈನ್ ಖರೀದಿಯಲ್ಲಿ ಖಾತೆ ಖಾಲಿ ಆದವರ ಕಥೆ ಕೇಳಿದ್ದರೆ, ಅದರಲ್ಲಿ ಹೆಚ್ಚಿನವು ಆಗುವುದು ಇಲ್ಲಿ, ಕಾರ್ಡ್ ನಂಬರ್ ಹಾಕಿದ ಕಡೆ ಅಲ್ಲ. ಹಾಗಾಗಿ ಸಹಾಯ ಬೇಕಾದರೆ ಆ ಶಾಪಿಂಗ್ ಆ್ಯಪ್ ಒಳಗಿನ ಸಹಾಯ ವಿಭಾಗಕ್ಕೇ ಹೋಗಿ. ಬ್ಯಾಂಕಿನ ನಂಬರ್ ಬೇಕಾದರೆ ಕಾರ್ಡಿನ ಹಿಂಭಾಗದಲ್ಲಿದೆ. ಬ್ಯಾಂಕುಗಳ ಅಸಲಿ ವೆಬ್ ವಿಳಾಸಗಳು ಈಗ 'ಡಾಟ್ ಬ್ಯಾಂಕ್ ಡಾಟ್ ಇನ್' ಅಂತ ಮುಗಿಯುತ್ತವೆ, ಅದನ್ನೂ ನೋಡಿ.

ಅಂಚೆ ಇಲಾಖೆ ಹೆಸರಿನಲ್ಲಿ 'ನಿಮ್ಮ ವಿಳಾಸ ಸರಿ ಇಲ್ಲ, ಪಾರ್ಸೆಲ್ ನಿಂತಿದೆ, ಲಿಂಕ್ ಒತ್ತಿ' ಅಂತ ಬರುವ ಮೆಸೇಜೂ ಇದೇ ಜಾತಿಯದು. ಕೊರಿಯರ್‌ನವರು ಅಂತ ಹೇಳಿಕೊಂಡು ಸ್ಟಾರ್, ಹ್ಯಾಶ್ ಇರುವ ನಂಬರ್ ಡಯಲ್ ಮಾಡಿಸಿದರೆ ನಿಮ್ಮ ಕರೆಗಳು ಅವರಿಗೆ ತಿರುಗಿಬಿಡುತ್ತವೆ. ಡಯಲ್ ಮಾಡಬೇಡಿ.

ಎಲ್ಲ ಸರಿ ಮಾಡಿದರೂ ದುಡ್ಡು ಕಟ್ ಆಗಿ ಆರ್ಡರ್ ಆಗದೇ ಇರುವುದು ಉಂಟು. ಗಾಬರಿ ಬೇಡ, ಇದು ಮೋಸ ಅಲ್ಲ. ಅಂಗಡಿಗೆ ಮಾಡಿದ ಕಾರ್ಡ್ ಅಥವಾ ಯುಪಿಐ ಪಾವತಿ ಹೀಗೆ ಕೈಕೊಟ್ಟರೆ 5 ದಿನದೊಳಗೆ ದುಡ್ಡು ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಸೇರಿಸಿ ಕೊಡಬೇಕು. 2019ರಲ್ಲಿ ರಿಸರ್ವ್ ಬ್ಯಾಂಕ್ ಮಾಡಿದ ನಿಯಮ ಇದು. ಅಷ್ಟರೊಳಗೆ ಸಹಾಯ ಮಾಡುತ್ತೇವೆ ಅಂತ ಯಾರೇ ಫೋನ್ ಮಾಡಿದರೂ ಮಾತು ಮುಂದುವರಿಸಬೇಡಿ.

ಕೊನೆಗೆ ಪಕ್ಕದ ಮನೆಯವರ 1,800 ರೂಪಾಯಿ. ಹೋಗಲಿ ಬಿಡಿ ಅಂತ ಸುಮ್ಮನಿರಬೇಡಿ ಅಂತ ಅವರಿಗೆ ಹೇಳಿ. ಸೈಬರ್ ವಂಚನೆಯ ದೂರು ಪಡೆಯುವ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಕನ್ನಡದಲ್ಲೇ ಹೇಳಬಹುದು. ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ದುಡ್ಡು, ಯಾರ ಯುಪಿಐ ಐಡಿಗೆ, ಮತ್ತು ಯುಪಿಐ ಆ್ಯಪ್‌ನಲ್ಲಿ ಕಾಣುವ 12 ಅಂಕಿಯ ವ್ಯವಹಾರ ಸಂಖ್ಯೆ, ಇವು ಕೈಯಲ್ಲಿರಲಿ. 1930ಕ್ಕೆ ದೂರು ಬಿದ್ದ ಕೂಡಲೇ ಆ ದುಡ್ಡು ಹೋದ ಬ್ಯಾಂಕಿಗೆ ಸೂಚನೆ ಹೋಗುತ್ತದೆ, ಅಲ್ಲಿ ಇನ್ನೂ ಉಳಿದಿದ್ದರೆ ತಡೆಹಿಡಿಯುತ್ತಾರೆ. ಮೋಸಗಾರರು ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗ ಬೇಗ ದಾಟಿಸುವುದರಿಂದ ಮೊದಲ ಕೆಲವು ಗಂಟೆಗಳೇ ಮುಖ್ಯ. ಅವರ ವಿಷಯದಲ್ಲಿ ಆ ಹೊತ್ತು ಮೀರಿರಬಹುದು, ಆದರೂ ದೂರು ಕೊಡಲಿ. ಅದೇ ಯುಪಿಐ ಐಡಿಯ ಮೇಲೆ ಹತ್ತು ದೂರು ಬಿದ್ದರೆ ಆ ಖಾತೆ ನಿಲ್ಲುತ್ತದೆ, ಹನ್ನೊಂದನೆಯವರು ಉಳಿಯುತ್ತಾರೆ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲೂ ದಾಖಲಿಸಬಹುದು. ಕಷ್ಟವಾದರೆ ಸೈಬರ್ ಅಪರಾಧಗಳನ್ನು ನೋಡುವ ಸಿಇಎನ್ ಪೊಲೀಸ್ ಠಾಣೆಗೆ ಹೋಗಲಿ. ಯುಪಿಐ ಆ್ಯಪ್‌ನಲ್ಲಿ ಆ ವ್ಯವಹಾರದ ಮೇಲೆ ದೂರು ಹಾಕಿ, ಬ್ಯಾಂಕಿಗೂ ಒಂದು ಪತ್ರ ಕೊಟ್ಟು ಸ್ವೀಕೃತಿ ಪಡೆಯಲಿ. ತಡೆಹಿಡಿದ ದುಡ್ಡು ಸಿಕ್ಕರೂ ಅದು ಕೈಗೆ ಬರಲು ಕೋರ್ಟ್ ಆದೇಶ ಬೇಕಾಗಬಹುದು, ಸಮಯ ಹಿಡಿಯುತ್ತದೆ.

ಮಾರಾಟಗಾರರು ಅಸಲಿ ಸಂಸ್ಥೆಯೇ ಆಗಿದ್ದು ರಿಫಂಡ್ ಕೊಡಲು ಸತಾಯಿಸುತ್ತಿದ್ದರೆ ದಾರಿ ಬೇರೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬೇಕು. ಅದಕ್ಕೂ ಬಗ್ಗದಿದ್ದರೆ ನೀವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಹಾಕಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕ ಇಲ್ಲ. ತಕರಾರು ಬ್ಯಾಂಕಿನ ಮೇಲೇ ಇದ್ದು, 30 ದಿನವಾದರೂ ಉತ್ತರ ಬರದಿದ್ದರೆ ಅಥವಾ ಉತ್ತರ ಸರಿ ಕಾಣದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಅದಕ್ಕೂ ಖರ್ಚಿಲ್ಲ. ಮಾಹಿತಿಗೆ 14448ಕ್ಕೆ ಕರೆ ಮಾಡಿ.

ಒಂದು ಎಚ್ಚರಿಕೆಯನ್ನು ಪಕ್ಕದ ಮನೆಯವರಿಗೆ ತಪ್ಪದೆ ಮುಟ್ಟಿಸಿ. ಒಮ್ಮೆ ಮೋಸ ಹೋದವರ ನಂಬರ್ ಇಂಥವರ ನಡುವೆ ಕೈ ಬದಲಾಗುತ್ತದೆ. ಇನ್ನು ಕೆಲವೇ ದಿನಗಳಲ್ಲಿ ಅವರಿಗೆ ಫೋನ್ ಬರಬಹುದು. ಸೈಬರ್ ಪೊಲೀಸ್ ಅಂತಲೋ, ವಕೀಲರು ಅಂತಲೋ, ನಿಮ್ಮ 1,800 ಸಿಕ್ಕಿದೆ, ಬಿಡಿಸಿಕೊಳ್ಳಲು 500 ರೂಪಾಯಿ ಶುಲ್ಕ ಕಟ್ಟಿ ಅಂತಲೋ. ದುಡ್ಡು ವಾಪಸ್ ಕೊಡಲು ಪೊಲೀಸರೂ ಬ್ಯಾಂಕಿನವರೂ ಯುಪಿಐನಲ್ಲಿ ಶುಲ್ಕ ಕೇಳುವುದಿಲ್ಲ. ಆ ಕರೆ ಬಂದ ನಂಬರನ್ನು ಬರೆದುಕೊಂಡು, ಅದನ್ನೂ 1930ಕ್ಕೆ ಹೇಳಲಿ.